ಹಾಲಿನಂಗಡಿಗೆ 38 ಲಕ್ಷದ ನೋಟಿಸ್: ಒಂದು ಸುದ್ದಿ ದಾರಿ ತಪ್ಪಿದ್ದು, ದಾರಿಗೆ ಬಂದದ್ದು

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಜಿಲ್ಲಾ ಕೇಂದ್ರವೊಂದರ ಕನ್ನಡ ದಿನಪತ್ರಿಕೆ ಆ ಸುದ್ದಿಯನ್ನು ಎರಡು ಸಲ ಬರೆಯಬೇಕಾಯಿತು. ಮೊದಲ ಬರಹ ಓದುಗರ ಕೋಪಕ್ಕೆ ದನಿ ಕೊಟ್ಟರೂ ಇಲಾಖೆಯನ್ನು ಮುಟ್ಟಲಿಲ್ಲ. ಎರಡನೆಯದು ಮೆಲುದನಿಯದು, ಆದರೆ ಇಲಾಖೆ ಲಿಖಿತವಾಗಿ ಉತ್ತರಿಸಲೇಬೇಕಾಯಿತು. ಈ ಎರಡರ ನಡುವೆ ಡೆಸ್ಕಿನಲ್ಲಿ, ಅಂದರೆ ಪತ್ರಿಕೆಯ ಸಂಪಾದಕೀಯ ವಿಭಾಗದಲ್ಲಿ, ಏನೇನು ತೀರ್ಮಾನಗಳಾದವು ಎಂಬುದನ್ನು ಇಲ್ಲಿ ದಾಖಲಿಸಲಾಗಿದೆ. ಊರು, ಪತ್ರಿಕೆ, ವ್ಯಾಪಾರಿ, ಅಧಿಕಾರಿ ಯಾರ ಗುರುತನ್ನೂ ಕೊಟ್ಟಿಲ್ಲ. ಅಂಗಡಿಯ ಮೊತ್ತಗಳನ್ನು ಬದಲಿಸಿ, ಲೆಕ್ಕದ ಸ್ವರೂಪವನ್ನಷ್ಟೇ ಉಳಿಸಲಾಗಿದೆ. ಕಾನೂನಿನ ಕಲಮುಗಳು, ದರಗಳು, ದಿನಾಂಕಗಳು ಇದ್ದದ್ದು ಇದ್ದಂತೆಯೇ ಇವೆ.

ಹಿನ್ನೆಲೆ

ಜಿಎಸ್‌ಟಿ ಕಾಯ್ದೆಯ 22ನೇ ಕಲಮಿನ ಪ್ರಕಾರ ವರ್ಷದ ಒಟ್ಟು ವಹಿವಾಟು ಒಂದು ಮಿತಿ ದಾಟಿದರೆ ವ್ಯಾಪಾರಿ ನೋಂದಣಿ ಮಾಡಿಸಲೇಬೇಕು. ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ. ಬರೀ ಸರಕು ಮಾರುವವರಿಗೆ 2019ರ ಏಪ್ರಿಲ್ 1ರಿಂದ 40 ಲಕ್ಷ. ಕೌಂಟರ್‌ನಲ್ಲಿ ನಗದು ಬಂದರೂ ಲೆಕ್ಕಕ್ಕೆ ಸೇರುತ್ತದೆ, ಫೋನಿನಲ್ಲಿ ಬಂದರೂ ಸೇರುತ್ತದೆ. ಆದರೆ ನಗದಿನ ಲೆಕ್ಕ ಇಲಾಖೆಯ ಕಣ್ಣಿಗೆ ಬೀಳುತ್ತಿರಲಿಲ್ಲ. ಕ್ಯುಆರ್ ಕೋಡ್ ಬಂದ ಮೇಲೆ ಬಿತ್ತು. ಪಾವತಿ ಕಂಪನಿಗಳಿಂದ 2021-22ರಿಂದ 2024-25ರವರೆಗಿನ ನಾಲ್ಕು ವರ್ಷದ ದತ್ತಾಂಶ ತರಿಸಿಕೊಂಡ ಇಲಾಖೆ, ಮಿತಿ ದಾಟಿಯೂ ನೋಂದಣಿ ಇಲ್ಲದವರಿಗೆ ನೋಟಿಸ್ ಜಾರಿ ಮಾಡಿತು.

ನಮ್ಮ ಪ್ರಕರಣದ ಅಂಗಡಿ ಬಸ್ ನಿಲ್ದಾಣದ ಹತ್ತಿರದ್ದು. ಬೆಳಿಗ್ಗೆ ಹಾಲು, ಬ್ರೆಡ್ಡು, ಮೊಟ್ಟೆ; ಆಮೇಲೆ ಬಾಳೆಹಣ್ಣು, ವೀಳ್ಯದೆಲೆ, ಬಿಸ್ಕತ್ತು, ಚಿಪ್ಸು, ತಂಪು ಪಾನೀಯ, ಸೋಪು, ಬೀಡಿ, ಸಿಗರೇಟು. ನಡೆಸುವವರು ಗಂಡ–ಹೆಂಡತಿ. ನಾಲ್ಕು ವರ್ಷದಲ್ಲಿ ಅವರ ಕ್ಯುಆರ್ ಕೋಡ್‌ಗೆ ಬಂದ ಹಣ 38, 49, 61 ಮತ್ತು 62 ಲಕ್ಷ, ಕೂಡಿದರೆ 2.10 ಕೋಟಿ. ನೋಟಿಸಿನ ಕೊನೆಯಲ್ಲಿ ಇದಕ್ಕೆ ಶೇ 18ರ ದರ ಹಾಕಿ 37.80 ಲಕ್ಷ ರೂಪಾಯಿ ಎಂದು ತೋರಿಸಿ, ಬಡ್ಡಿ ಮತ್ತು ದಂಡ ಬೇರೆ ಎಂದು ಬರೆಯಲಾಗಿತ್ತು.

ಅಂಗಡಿಯಾತ ಆ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ಪತ್ರಿಕಾ ಕಚೇರಿಗೆ ಬಂದರು. ಅವರಿಗೆ ಬೇರೆ ಬಾಗಿಲು ಗೊತ್ತಿರಲಿಲ್ಲ. ಈ ಸಂಗತಿಯನ್ನು ಹಗುರವಾಗಿ ನೋಡಬಾರದು. ಇಲಾಖೆಗೆ ಉತ್ತರ ಬರೆಯುವುದು ಹೇಗೆಂದು ತಿಳಿಯದ ಮನುಷ್ಯ ಪತ್ರಿಕೆಯನ್ನು ನಂಬಿ ಬರುತ್ತಾನೆ, ಮತ್ತು ಆ ಹೊತ್ತಿಗೆ ಅವನ ಉತ್ತರದ ಗಡುವು ಓಡುತ್ತಿರುತ್ತದೆ.

ಮೊದಲ ವರದಿ

ಕಾಗದ ಸಿಕ್ಕಿದ್ದು ಸಂಜೆ. ಟಿ.ವಿ. ವಾಹಿನಿಗಳಲ್ಲಿ ಆಗಲೇ ಬೇರೆ ಊರುಗಳ ನೋಟಿಸ್‌ಗಳು ಓಡುತ್ತಿದ್ದವು. ಸ್ಥಳೀಯ ಉದಾಹರಣೆ ಬೇಕೆಂದು ಡೆಸ್ಕ್ ಕಾಯುತ್ತಿತ್ತು. ಮರುದಿನ ಮುಖಪುಟದಲ್ಲಿ ‘ಹಾಲು ಮಾರುವವರಿಗೆ 38 ಲಕ್ಷ ತೆರಿಗೆ!’ ಎಂಬ ತಲೆಬರಹ ಬಂತು. ಜೊತೆಗೆ ನೋಟಿಸಿನ ಚಿತ್ರ, ಅಂಗಡಿಯ ಚಿತ್ರ, ವ್ಯಾಪಾರಿಗಳ ಸಂಘದ ಅಧ್ಯಕ್ಷರ ಆಕ್ರೋಶದ ಮಾತು. ಇಲಾಖೆಯ ಪ್ರತಿಕ್ರಿಯೆ ಇರಬೇಕಾದ ಕಡೆ ‘ಅಧಿಕಾರಿಗಳು ಫೋನ್ ಸ್ವೀಕರಿಸಲಿಲ್ಲ’ ಎಂಬ ಸಾಲು. ಕರೆ ಹೋದದ್ದು ರಾತ್ರಿ ಎಂಟರ ಮೇಲೆ, ಅದೂ ಸ್ಥಳೀಯ ಕಚೇರಿಯ ಸ್ಥಿರ ದೂರವಾಣಿಗೆ.

ಈ ವರದಿಯ ತಪ್ಪುಗಳು ಬೇರೆ ಬೇರೆ ತೂಕದವು. ಕಡಿಮೆ ತೂಕದ್ದೆಂದರೆ ನೋಟಿಸನ್ನು ‘ತೆರಿಗೆ’ ಎಂದು ಕರೆದದ್ದು. ಅದು ಮೊತ್ತ ಲೆಕ್ಕ ಹಾಕಿ ವಿವರಣೆ ಕೇಳಿದ ಪತ್ರ, ವಸೂಲಿ ಆದೇಶವಲ್ಲ. ಅದಕ್ಕಿಂತ ದೊಡ್ಡದು ‘ಹಾಲು ಮಾರುವವರು’ ಎಂಬ ಮಾತು. ಹಾಲಿಗೆ ತೆರಿಗೆ ಇಲ್ಲ ಎಂಬುದು ಓದುಗರಿಗೆಲ್ಲ ಗೊತ್ತು. ಹಾಗಾಗಿ ಇಲಾಖೆ ಇಲ್ಲದ ತೆರಿಗೆ ಕೇಳಿದೆ ಎಂಬ ಅರ್ಥ ತಲೆಬರಹದಿಂದಲೇ ಹೊಮ್ಮಿತು. ಮರುದಿನ ಇನ್ನೊಂದು ಪತ್ರಿಕೆ ಅದೇ ಅಂಗಡಿಯ ಸಿಗರೇಟು ಪ್ಯಾಕುಗಳ, ತಂಪು ಪಾನೀಯದ ಫ್ರಿಜ್‌ನ ಚಿತ್ರ ಹಾಕಿತು. ಪಕ್ಕದಲ್ಲೇ ಇಲಾಖೆಯ ಸ್ಪಷ್ಟನೆ: ತೆರಿಗೆ ವಿನಾಯಿತಿ ಇರುವ ಸರಕಿಗೆ ತೆರಿಗೆ ಕೇಳುವುದಿಲ್ಲ, ದಾಖಲೆ ಕೊಟ್ಟರೆ ನೋಟಿಸ್ ಕೈಬಿಡುತ್ತೇವೆ. ಎರಡೇ ವಾಕ್ಯಕ್ಕೆ ಇಲಾಖೆ ಸಮಾಧಾನದಿಂದ ಮಾತಾಡುವವರ ಜಾಗಕ್ಕೆ ಬಂತು, ಪತ್ರಿಕೆ ಉದ್ವೇಗದವರ ಜಾಗಕ್ಕೆ ಹೋಯಿತು. ಅಂಗಡಿಯಾತನ ಮೇಲೆ ‘ಸುಳ್ಳು ಹೇಳಿದ’ ಎಂಬ ಮಾತು ಬಿತ್ತು. ಆತ ಸುಳ್ಳು ಹೇಳಿರಲಿಲ್ಲ. ‘ಏನು ಮಾರ್ತೀರಿ?’ ಎಂದು ಯಾರೂ ಪೂರ್ತಿ ಕೇಳಿರಲಿಲ್ಲ.

ಎಲ್ಲಕ್ಕಿಂತ ಭಾರವಾದ ತಪ್ಪು ಚಿತ್ರದ್ದು. ನೋಟಿಸಿನಲ್ಲಿ ಹೆಸರು, ಪ್ಯಾನ್ ಸಂಖ್ಯೆ, ಮೊಬೈಲ್ ಸಂಖ್ಯೆ ಎಲ್ಲವೂ ಓದುವಂತಿದ್ದವು. ಅಂದೇ ಮಧ್ಯಾಹ್ನದಿಂದ ‘ನೋಟಿಸ್ ಮುಗಿಸಿಕೊಡ್ತೀವಿ’ ಎಂದು ಅಪರಿಚಿತರ ಕರೆಗಳು ಶುರುವಾದವು. ಒಬ್ಬರಂತೂ ಇಲಾಖೆಯವರೆಂದೇ ಹೇಳಿಕೊಂಡು ಹಣ ಕೇಳಿದರು. ಹೆಂಡತಿಗೆ ಅನುಮಾನ ಬಂದು ಫೋನ್ ಕಟ್ ಮಾಡಿದ್ದರಿಂದ ಹಣ ಉಳಿಯಿತು.

ಇದರ ಜೊತೆಗೆ, ಅಳೆಯಲಾಗದ ಒಂದು ಪರಿಣಾಮವೂ ಇತ್ತು. ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಆ ವಾರ ರಾಜ್ಯದ ಎಷ್ಟೋ ಅಂಗಡಿಗಳಲ್ಲಿ ಕಾಣಿಸಿಕೊಂಡವು. ಈ ಪತ್ರಿಕೆಯೂ ಅಂಥ ಚೀಟಿಯ ಚಿತ್ರ ಹಾಕಿ ‘ಜಾಣ ದಾರಿ’ ಎಂಬ ಧಾಟಿಯ ಚಿತ್ರಶೀರ್ಷಿಕೆ ಕೊಟ್ಟಿತು. ಕ್ಯುಆರ್ ಕೋಡ್ ಕಿತ್ತರೆ ಹಳೆಯ ನಾಲ್ಕು ವರ್ಷದ ದತ್ತಾಂಶ ಅಳಿಯುವುದಿಲ್ಲ. ಮುಂದಿನ ವರ್ಷದ ನಗದು ವಹಿವಾಟು ಮಿತಿ ದಾಟಿದರೂ ನೋಂದಣಿ ಕಡ್ಡಾಯವೇ. ಅಂದರೆ ಓದುಗರಿಗೆ ಹಾನಿ ಮಾಡುವ ಸಲಹೆಯನ್ನು ಪತ್ರಿಕೆ ಚಿತ್ರದ ಮೂಲಕ ಕೊಟ್ಟಂತಾಗಿತ್ತು.

ಮೂರು ದಾರಿ, ಒಂದು ತೀರ್ಮಾನ

ಮೂರನೇ ದಿನದ ಸಭೆಯಲ್ಲಿ ಮೂರು ಅಭಿಪ್ರಾಯ ಬಂದವು. ಮುಜುಗರವಾಗಿದೆ, ಸುದ್ದಿ ಬಿಟ್ಟುಬಿಡೋಣ ಎಂದರು ಕೆಲವರು. ಇನ್ನು ಕೆಲವರು ಪಟ್ಟು ಬಿಡಬಾರದು, ಇಲಾಖೆಯ ಕಿರುಕುಳದ ಇನ್ನಷ್ಟು ಉದಾಹರಣೆ ಹುಡುಕಿ ಸರಣಿ ಮಾಡೋಣ ಎಂದರು. ಹಿಂದೆ ತೆರಿಗೆ ವರದಿಗಾರಿಕೆ ಮಾಡಿದ್ದ ಉಪಸಂಪಾದಕಿಯೊಬ್ಬರು ಬೇರೆಯೇ ಪ್ರಶ್ನೆ ಎತ್ತಿದರು: ‘ಈ ಅಂಗಡಿಯವರು ಕಾನೂನಿನ ಪ್ರಕಾರ ಎಷ್ಟು ಕಟ್ಟಬೇಕಿತ್ತು? ಆ ಅಂಕಿ ನಮ್ಮ ಹತ್ತಿರ ಇದೆಯಾ?’

ಯಾರ ಹತ್ತಿರವೂ ಇರಲಿಲ್ಲ. ಪ್ರಕರಣದ ಮೊದಲ ತಿರುವು ಇದು. ಕಚೇರಿಯೊಂದು ನಿಯಮ ಜಾರಿ ಮಾಡುವಾಗ ತಪ್ಪಿದೆ ಎನ್ನಬೇಕಾದರೆ, ಸರಿಯಾಗಿ ಜಾರಿ ಮಾಡಿದ್ದರೆ ಏನಾಗುತ್ತಿತ್ತು ಎಂಬುದು ಮೊದಲು ಕೈಯಲ್ಲಿರಬೇಕು. ಅದಿಲ್ಲದಿದ್ದರೆ ಇಲಾಖೆಯ ಒಂದು ಸ್ಪಷ್ಟನೆಗೆ ಟೀಕೆ ಉದುರಿಹೋಗುತ್ತದೆ. ಕೈಗೆ ಸಿಕ್ಕ ಸರ್ಕಾರಿ ಪತ್ರಗಳ ಮೇಲಿನ ಎಷ್ಟೋ ಸುದ್ದಿಗಳು ಸೋಲುವುದು ಇಲ್ಲೇ. ಪತ್ರದಲ್ಲಿರುವ ಅಂಕಿಯೇ ಸುದ್ದಿ ಎಂದುಕೊಂಡಾಗ ಪತ್ರ ಬರೆದವನ ಲೆಕ್ಕವನ್ನೇ ನಾವೂ ಒಪ್ಪಿಕೊಂಡಂತಾಗುತ್ತದೆ.

ಸಭೆ ಎರಡು ತೀರ್ಮಾನ ಮಾಡಿತು. ಮೊದಲ ವರದಿಯ ತಪ್ಪುಗಳನ್ನು ಅದು ಅಚ್ಚಾದ ಪುಟದಲ್ಲೇ ತಿದ್ದುವುದು, ಆನ್‌ಲೈನ್ ಚಿತ್ರವನ್ನು ತಕ್ಷಣ ತೆಗೆಯುವುದು. ಎರಡನೇ ವರದಿಗೆ ತೆರಿಗೆ ಸಲಹೆಗಾರರೊಬ್ಬರನ್ನು ಕೂರಿಸಿಕೊಂಡು ಒಂದು ವರ್ಷದ ಪೂರ್ತಿ ಲೆಕ್ಕ ಮಾಡುವುದು. ಆ ಸಲಹೆಗಾರರ ಬಳಿ ನೋಟಿಸ್ ಬಂದ ಬೇರೆ ಕಕ್ಷಿದಾರರಿದ್ದಾರೆ ಎಂಬುದನ್ನು ವರದಿಯಲ್ಲೇ ತಿಳಿಸಬೇಕೆಂದೂ ನಿರ್ಧಾರವಾಯಿತು.

ಒಂದು ವರ್ಷದ ಲೆಕ್ಕ

ಆರಿಸಿಕೊಂಡದ್ದು 2023-24. ನೋಟಿಸಿನ ಪ್ರಕಾರ ಆ ವರ್ಷದ ಯುಪಿಐ ಮೊತ್ತ 61 ಲಕ್ಷ, ಅದರ ಮೇಲಿನ ತೆರಿಗೆ 10.98 ಲಕ್ಷ.

ಮೊದಲು ಬ್ಯಾಂಕ್ ಸ್ಟೇಟ್‌ಮೆಂಟನ್ನು ಸಾಲು ಸಾಲಾಗಿ ನೋಡಿದರು. ಅಂಗಡಿಯಾತ ಒಂದು ಚೀಟಿ (ಚಿಟ್ ಫಂಡ್) ನಡೆಸುತ್ತಿದ್ದರು. ತಿಂಗಳ ಕಂತುಗಳು ಅದೇ ಕ್ಯುಆರ್ ಕೋಡ್‌ಗೆ ಬೀಳುತ್ತಿದ್ದವು. ಆ ವರ್ಷ 6 ಲಕ್ಷ. ಹೊರಗಿದ್ದ ಮಗ ಮನೆ ಖರ್ಚಿಗೆಂದು ಕಳಿಸಿದ್ದು 4 ಲಕ್ಷ. ಇವೆರಡೂ ವ್ಯಾಪಾರವಲ್ಲ. ಉಳಿದ 51 ಲಕ್ಷ ಮಾರಾಟದ್ದು. ಒಂದೇ ಮೊತ್ತ ಪ್ರತಿ ತಿಂಗಳು ಒಂದೇ ದಿನಾಂಕದ ಆಸುಪಾಸು ಅದೇ ಹೆಸರುಗಳಿಂದ ಬಂದಿದ್ದರೆ ಅದು ಚೀಟಿ ಎಂದು ಗುರುತಿಸುವುದು ಕಷ್ಟವಲ್ಲ. ಆದರೆ ಕಂತು ಬರೆದ ಪುಸ್ತಕವೂ ಇದ್ದರಷ್ಟೇ ಕಚೇರಿ ಒಪ್ಪುತ್ತದೆ.

ಆಮೇಲೆ ಸರಕಿನ ವಿಂಗಡಣೆ. ಪ್ರತಿ ಗ್ರಾಹಕ ಏನು ಕೊಂಡ ಎಂಬ ಬಿಲ್ ಇಂಥ ಅಂಗಡಿಯಲ್ಲಿ ಇರುವುದಿಲ್ಲ. ಹಾಗಾಗಿ ಮಾರಾಟದ ಕಡೆಯಿಂದ ಹೊರಟರೆ ಲೆಕ್ಕ ಸಿಗದು. ಖರೀದಿಯ ಕಡೆಯಿಂದ ಹೊರಡಬೇಕು. ಹಾಲಿನ ಡೀಲರ್‌ನ ತಿಂಗಳ ಲೆಕ್ಕ, ಬೇಕರಿಯ ಚೀಟಿಗಳು, ಬಿಸ್ಕತ್ತು–ಸೋಪಿನ ವಿತರಕರ ಜಿಎಸ್‌ಟಿ ಬಿಲ್‌ಗಳು, ಸಿಗರೇಟು ಏಜೆನ್ಸಿಯ ಬಿಲ್‌ಗಳು. ತೆರಿಗೆ ಇರುವ ಸರಕಿನ ಖರೀದಿ ತೆರಿಗೆ ಸೇರಿ 19 ಲಕ್ಷ. ಅಂಗಡಿಯ ಸರಾಸರಿ ಲಾಭ ಸೇರಿಸಿದರೆ ಮಾರಾಟ ಸುಮಾರು 21 ಲಕ್ಷ. ಇದರಲ್ಲಿ ಯುಪಿಐ ಮೂಲಕ ಬಂದದ್ದು 17 ಲಕ್ಷ, ಉಳಿದದ್ದು ನಗದು. ವಿನಾಯಿತಿ ಇರುವ ಹಾಲು, ಬ್ರೆಡ್ಡು, ಮೊಟ್ಟೆ, ಹಣ್ಣು, ಎಲೆ ನಗದೂ ಸೇರಿ 41 ಲಕ್ಷ. ಒಟ್ಟು 62 ಲಕ್ಷ.

ನಗದನ್ನು ಸೇರಿಸಬೇಕೇ ಎಂಬ ಬಗ್ಗೆ ಡೆಸ್ಕಿನಲ್ಲಿ ಜಗ್ಗಾಟ ನಡೆಯಿತು. ನೋಟಿಸಿನಲ್ಲಿ ಇಲ್ಲದ ನಗದನ್ನು ನಾವೇಕೆ ತೋರಿಸಬೇಕು, ಅಂಗಡಿಯಾತನಿಗೆ ತೊಂದರೆಯಲ್ಲವೇ ಎಂಬುದು ನ್ಯಾಯವಾದ ಪ್ರಶ್ನೆ. ಅಂಗಡಿಯಾತನನ್ನೇ ಕೇಳಿದರು. ಹೆಸರು ಹಾಕದಿದ್ದರೆ ಬರೆಯಿರಿ, ಇದ್ದದ್ದು ಇದ್ದಂತೆ ಇರಲಿ ಎಂದರು. ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಲಾಯಿತು. ಈ ನಿರ್ಧಾರ ಸರಿಯಾದದ್ದು. ಒಂದು ಕಡೆಯವರಿಗೆ ಅನುಕೂಲವಾದ ಅಂಕಿಗಳನ್ನಷ್ಟೇ ಇಟ್ಟ ಲೆಕ್ಕವನ್ನು ಇಲಾಖೆ ಒಂದೇ ಪ್ರಶ್ನೆಯಲ್ಲಿ ಬೀಳಿಸುತ್ತದೆ.

ಈಗ ಕಾನೂನು. ಇಲ್ಲಿ ಪತ್ರಿಕೆಗೆ ಇಷ್ಟವಾಗದ ಉತ್ತರ ಸಿಕ್ಕಿತು. ‘ಒಟ್ಟು ವಹಿವಾಟು’ ಎಂದರೆ 2(6)ನೇ ಕಲಮಿನ ಪ್ರಕಾರ ವಿನಾಯಿತಿ ಸರಕಿನ ಮಾರಾಟವೂ ಸೇರುತ್ತದೆ. ಬರೀ ವಿನಾಯಿತಿ ಸರಕನ್ನೇ ಮಾರುವವರಿಗೆ 23ನೇ ಕಲಮಿನಡಿ ನೋಂದಣಿ ಬೇಡ. ಹಾಲಿನ ಜೊತೆ ಬಿಸ್ಕತ್ತು ಮಾರಿದರೆ ಆ ರಕ್ಷಣೆ ಹೋಗುತ್ತದೆ. ಇನ್ನೊಂದು ಸಂಗತಿಯನ್ನು ಆ ತಿಂಗಳು ಹೆಚ್ಚಿನ ವರದಿಗಳು ಗಮನಿಸಲೇ ಇಲ್ಲ. 40 ಲಕ್ಷದ ಮಿತಿ ಕೊಟ್ಟ 2019ರ ಅಧಿಸೂಚನೆ ಐಸ್‌ಕ್ರೀಂ, ಪಾನ್ ಮಸಾಲಾ, ತಂಬಾಕು ಪದಾರ್ಥ ಮಾರುವವರನ್ನು ಹೊರಗಿಟ್ಟಿದೆ. ಅವರಿಗೆ ಹಳೆಯ 20 ಲಕ್ಷವೇ ಮಿತಿ. ಸಿಗರೇಟು ಇಡುವ ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಇದು ಗೊತ್ತಿರುವವರು ತೀರಾ ವಿರಳ. ಅಂದಮೇಲೆ ಈ ಅಂಗಡಿ ನೋಂದಣಿ ಮಾಡಿಸಬೇಕಿತ್ತು, ಅದೂ ನಾಲ್ಕೂ ವರ್ಷ. ಇಲಾಖೆಯ ಮೂಲ ನಿಲುವು ಸರಿ ಇತ್ತು.

ತಪ್ಪಿದ್ದು ಮೊತ್ತ. ಅದರ ಒಂದೊಂದು ಪದರವನ್ನೂ ಬಿಡಿಸಿದರೆ ಟೀಕೆ ತಾನಾಗಿ ರೂಪ ಪಡೆಯಿತು. ವ್ಯಾಪಾರವಲ್ಲದ 10 ಲಕ್ಷಕ್ಕೆ ತೆರಿಗೆ ಹಾಕಲಾಗಿತ್ತು. ವಿನಾಯಿತಿ ಸರಕಿಗೆ ತೆರಿಗೆ ಹಾಕಲಾಗಿತ್ತು. ಆಗಿನ ದರ ಪ್ಯಾಕೆಟ್ ಮೊಸರಿಗೆ ಶೇ 5, ಚಿಪ್ಸಿಗೆ 12, ಬಿಸ್ಕತ್ತು–ಸೋಪಿಗೆ 18 ಇದ್ದರೂ ಎಲ್ಲಕ್ಕೂ ಒಂದೇ 18. ಅಷ್ಟೇ ಅಲ್ಲ, ಗ್ರಾಹಕ ಕೊಟ್ಟ ಎಂಆರ್‌ಪಿ ಹಣದಲ್ಲೇ ತೆರಿಗೆ ಅಡಗಿರುತ್ತದೆ. ಹಾಗಿದ್ದಾಗ ಜಿಎಸ್‌ಟಿ ನಿಯಮ 35ರಂತೆ ಒಳಗಿನಿಂದ ತೆಗೆದು ಲೆಕ್ಕ ಹಾಕಬೇಕು, ಮೇಲೆ ಸೇರಿಸಬಾರದು. 118 ರೂಪಾಯಿ ಬಂದಿದ್ದರೆ ತೆರಿಗೆ 18, 21.24 ಅಲ್ಲ. ಈ ಒಂದು ನಿಯಮದಿಂದಲೇ 61 ಲಕ್ಷದ ಮೇಲಿನ 10.98 ಲಕ್ಷ 9.31 ಲಕ್ಷಕ್ಕೆ ಇಳಿಯುತ್ತದೆ.

ತೆರಿಗೆ ಇರುವ ಸರಕು 21 ಲಕ್ಷ ಮಾತ್ರ ಎಂದು ಹಿಡಿದು, ಸರಾಸರಿ 18ರ ದರವನ್ನೇ ಒಪ್ಪಿ, ಖರೀದಿಯಲ್ಲಿ ಕಟ್ಟಿದ ತೆರಿಗೆಯ ಕ್ರೆಡಿಟ್ (ಅದನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ಒಂದು ಪೈಸೆಯೂ ಕೊಡದೆ ಲೆಕ್ಕ ಹಾಕಿದರೆ 3.2 ಲಕ್ಷ. ಸಮಯಕ್ಕೆ ಸರಿಯಾಗಿ ಸಾಮಾನ್ಯ ನೋಂದಣಿ ಮಾಡಿಸಿದ್ದರೆ 19 ಲಕ್ಷದ ಖರೀದಿಯ ಮೇಲೆ ಕ್ರೆಡಿಟ್ ಸಿಕ್ಕಿ, ನಡುವಿನ 2 ಲಕ್ಷದ ವ್ಯತ್ಯಾಸದ ಮೇಲಷ್ಟೇ ತೆರಿಗೆ ಬೀಳುತ್ತಿತ್ತು. ಅದು ಲಕ್ಷ ಮುಟ್ಟುವುದಿಲ್ಲ. ಒಂದೂವರೆ ಕೋಟಿಯೊಳಗಿನ ವಹಿವಾಟಿಗೆ ಇರುವ 10ನೇ ಕಲಮಿನ ಕಾಂಪೋಸಿಷನ್ ಪದ್ಧತಿಗೆ (ಸಣ್ಣ ವ್ಯಾಪಾರಿಗಳು ಮಾರಾಟದ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಸರಳ ವ್ಯವಸ್ಥೆ) ಸೇರಿದ್ದರೆ, ಮಾರಾಟಗಾರರಿಗೆ ತೆರಿಗೆ ಇರುವ ಸರಕಿನ ಮೇಲೆ ಮಾತ್ರ ಶೇ 1. ವರ್ಷಕ್ಕೆ 21,000 ರೂಪಾಯಿ.

ಒಂದೇ ಅಂಗಡಿ, ಒಂದೇ ವರ್ಷ: ಕಾಂಪೋಸಿಷನ್‌ನಲ್ಲಿ 21,000, ನೋಟಿಸಿನಲ್ಲಿ 10,98,000. ಈ ಅಂತರವೇ ಸುದ್ದಿ. ನಿಯಮ ತಿಳಿಸುವ ಕೆಲಸ ನಾಲ್ಕು ವರ್ಷ ನಡೆಯಲಿಲ್ಲ. ದತ್ತಾಂಶ ಕೈಗೆ ಬಂದ ಕೂಡಲೇ ಗರಿಷ್ಠ ಊಹೆಯ ಮೊತ್ತವನ್ನು ಕಾಗದಕ್ಕೆ ಇಳಿಸಲಾಯಿತು. 2021-22ರ ಅಂಕಿ ಕಂಡ ವರ್ಷವೇ ಒಂದು ತಿಳಿವಳಿಕೆ ಪತ್ರ ಹೋಗಿದ್ದರೆ ಈ ದಂಪತಿ ವರ್ಷಕ್ಕೆ 21,000 ಕಟ್ಟಿಕೊಂಡು ನೆಮ್ಮದಿಯಿಂದ ಇರುತ್ತಿದ್ದರು, ಸರ್ಕಾರಕ್ಕೂ ಹಣ ಬರುತ್ತಿತ್ತು. ತೆರಿಗೆ ಬಾಕಿ ಬೆಳೆಯಲು ಬಿಟ್ಟು ಆಮೇಲೆ ಒಟ್ಟಿಗೆ ಕೇಳುವುದು ಯಾವ ಇಲಾಖೆಗೂ ಶೋಭೆಯಲ್ಲ.

ಇಲಾಖೆಗೆ ಪ್ರಶ್ನೆ

ಮೊದಲ ಸಲ ಫೋನ್ ಎತ್ತಲಿಲ್ಲ ಎಂದು ಬರೆದಿದ್ದ ಕಡೆಯೇ ಈ ಸಲ ಹೆಚ್ಚು ಶ್ರಮ ಬಿತ್ತು. ಸ್ಥಳೀಯ ಕಚೇರಿಯ ಅಧಿಕಾರಿ ಪತ್ರಿಕೆಗೆ ಮಾತಾಡುವಂತಿಲ್ಲ. ಸೇವಾ ನಡತೆ ನಿಯಮಗಳು ಕೈಕಟ್ಟಿ ಹಾಕಿರುತ್ತವೆ. ಜೊತೆಗೆ ಜಿಎಸ್‌ಟಿ ಕಾಯ್ದೆಯ 158ನೇ ಕಲಮು ಒಬ್ಬ ತೆರಿಗೆದಾರನ ವಿವರವನ್ನು ಹೊರಗೆ ಹೇಳದಂತೆ ತಡೆಯುತ್ತದೆ. ‘ಈ ಅಂಗಡಿಯ ಬಗ್ಗೆ ಏನು ಹೇಳ್ತೀರಿ?’ ಎಂದು ಕೇಳಿದರೆ ಅವರು ಮೌನವಾಗಿರುವುದೇ ಕಾನೂನು. ಆ ಮೌನವನ್ನು ‘ಪ್ರತಿಕ್ರಿಯೆ ನೀಡಲು ನಿರಾಕರಿಸಿದರು’ ಎಂದು ಅಚ್ಚು ಮಾಡುವುದು ಅನ್ಯಾಯ.

ಹಾಗಾಗಿ ಪ್ರಶ್ನೆಗಳನ್ನು ವ್ಯಕ್ತಿಯಿಂದ ಬಿಡಿಸಿ ಪದ್ಧತಿಯ ಮೇಲೆ ಇಟ್ಟರು. ಜಂಟಿ ಆಯುಕ್ತರಿಗೆ ಇಮೇಲ್ ಹೋಯಿತು, ಎರಡು ಕೆಲಸದ ದಿನ ಸಮಯ ಕೊಟ್ಟು. ಯುಪಿಐ ಮೊತ್ತದಲ್ಲಿ ವ್ಯಾಪಾರವಲ್ಲದ ಹಣವನ್ನು ನೋಟಿಸ್‌ಗೆ ಮುಂಚೆ ಬೇರ್ಪಡಿಸುವ ಕ್ರಮ ಇದೆಯೇ? ಎಲ್ಲಕ್ಕೂ ಶೇ 18ರ ದರವನ್ನು ಯಾವ ಸುತ್ತೋಲೆ ಆಧಾರದ ಮೇಲೆ ಹಾಕಲಾಯಿತು? ನಿಯಮ 35ನ್ನು ಏಕೆ ಅನ್ವಯಿಸಲಿಲ್ಲ? ನೋಟಿಸ್ ಹೊರಡಿಸಿದ್ದು ಯಾವ ಕಲಮಿನಡಿ, ಯಾವ ನಮೂನೆಯಲ್ಲಿ?

ಕೊನೆಯ ಪ್ರಶ್ನೆ ಒಣ ತಾಂತ್ರಿಕತೆ ಎನಿಸಬಹುದು. ಅದರ ಮೇಲೆ ಓದುಗರ ಹಕ್ಕು ನಿಂತಿದೆ. ನೋಂದಣಿ ಇಲ್ಲದವರ ಮೇಲೆ ಅಧಿಕಾರಿ ತನ್ನ ಅಂದಾಜಿನಂತೆ ತೆರಿಗೆ ನಿರ್ಧರಿಸುವುದು 63ನೇ ಕಲಮಿನಡಿ. ಅದಕ್ಕೆ ನಿಯಮ 100ರಂತೆ ಎಎಸ್‌ಎಂಟಿ-14 ನಮೂನೆಯಲ್ಲಿ ಆಧಾರಗಳನ್ನು ಬರೆದು ನೋಟಿಸ್ ಕೊಡಬೇಕು, ಉತ್ತರಕ್ಕೆ 15 ದಿನ ಕೊಡಬೇಕು, ಅಹವಾಲು ಕೇಳಬೇಕು. ಆಮೇಲಷ್ಟೇ ಎಎಸ್‌ಎಂಟಿ-15ರ ಆದೇಶ. ಆದೇಶವಾದರೆ 107ನೇ ಕಲಮಿನಡಿ ಮೂರು ತಿಂಗಳೊಳಗೆ ಮೇಲ್ಮನವಿ, ಅದಕ್ಕೂ ವಿವಾದಿತ ತೆರಿಗೆಯ ಶೇ 10ರಷ್ಟು ಮುಂಚಿತವಾಗಿ ಕಟ್ಟಬೇಕು. 37.80 ಲಕ್ಷಕ್ಕೆ 3.78 ಲಕ್ಷ. ಅಷ್ಟು ಹಣ ಬಸ್ ನಿಲ್ದಾಣದ ಅಂಗಡಿಯಲ್ಲಿ ಎಲ್ಲಿಂದ ಬರಬೇಕು? ಆದ್ದರಿಂದಲೇ ಸಂಘ ನೋಡಿಕೊಳ್ಳುತ್ತದೆ, ಸರ್ಕಾರ ಏನೋ ಮಾಡುತ್ತದೆ ಎಂದು ಉತ್ತರ ಕೊಡದೆ ಕೂರುವುದು ಅಪಾಯ. ಪತ್ರಿಕೆ ತನ್ನ ವರದಿಯಲ್ಲಿ ಈ ಮೆಟ್ಟಿಲುಗಳನ್ನು ಬೇರೆ ಚೌಕಟ್ಟಿನಲ್ಲಿ ಕೊಟ್ಟಿತು. ಆ ಪುಟವನ್ನು ಕತ್ತರಿಸಿಕೊಂಡು, ನೋಟಿಸಿಗೆ ಉತ್ತರ ಬರೆಯಲು ಸಹಾಯ ಕೇಳಿ ಕೆಲವರು ತೆರಿಗೆ ಸಲಹೆಗಾರರ ಕಚೇರಿಗೆ ಬಂದರು.

ಉತ್ತರ ಗಡುವಿನೊಳಗೆ ಬಂತು. ನೋಟಿಸ್ ವಿವರಣೆ ಕೇಳುವ ಹಂತದ್ದು, ಮೊತ್ತ ತಾತ್ಕಾಲಿಕ, ದಾಖಲೆ ನೋಡಿ ವಿನಾಯಿತಿ ಸರಕು ಮತ್ತು ವೈಯಕ್ತಿಕ ಹಣವನ್ನು ಕಳೆಯಲಾಗುವುದು ಎಂದು ಬರೆದಿದ್ದರು. ದರದ ಆಧಾರ ಮತ್ತು ನಿಯಮ 35ರ ಪ್ರಶ್ನೆಗೆ ಉತ್ತರವಿರಲಿಲ್ಲ. ವರದಿ ಉತ್ತರವನ್ನು ಪೂರ್ತಿ ಹಾಕಿ, ಉತ್ತರ ಬಾರದ ಎರಡು ಪ್ರಶ್ನೆಗಳನ್ನು ಅದರ ಕೆಳಗೇ ಹಾಗೇ ಇಟ್ಟಿತು. ವಿಶೇಷಣಗಳು ಬೇಕಾಗಲಿಲ್ಲ.

ಎರಡನೇ ವರದಿ, ಮತ್ತು ಅದರ ಮರುವಾರ

ಎರಡನೇ ವರದಿಯ ತಲೆಬರಹ: ‘ಕಟ್ಟಬೇಕಿದ್ದದ್ದು 21 ಸಾವಿರ, ನೋಟಿಸಿನಲ್ಲಿ 11 ಲಕ್ಷ’. ಅಂಗಡಿ ನೋಂದಣಿ ಮಾಡಿಸಬೇಕಿತ್ತು ಎಂಬುದನ್ನು ಎರಡನೇ ಪ್ಯಾರಾದಲ್ಲೇ ಹೇಳಿತು. ವ್ಯಾಪಾರಿ ಸಂಘದ ಕೆಲವರಿಗೆ ಇದು ಹಿಡಿಸಲಿಲ್ಲ. ಇಲಾಖೆಯ ಪರ ಬರೆದಿದ್ದೀರಿ ಎಂದರು. ಸ್ಥಳೀಯ ಕಚೇರಿಯಲ್ಲಿ ಪರಿಣಾಮ ಬೇರೆಯೇ ಆಯಿತು. ಅಂಗಡಿಯಾತ ಖರೀದಿ ಬಿಲ್‌ಗಳ ಪಟ್ಟಿ, ಚೀಟಿ ಪುಸ್ತಕ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಗುರುತು ಹಾಕಿದ ಸಾಲುಗಳು, ಅದೇ ಪದರ ಪದರದ ಲೆಕ್ಕದ ಹಾಳೆ ಇವನ್ನು ಉತ್ತರದ ಜೊತೆ ಕೊಟ್ಟು ಸ್ವೀಕೃತಿ ಪಡೆದರು. ಲೆಕ್ಕದ ರೂಪದಲ್ಲಿ ಬಂದ ಉತ್ತರವನ್ನು ಅಧಿಕಾರಿ ತಿರಸ್ಕರಿಸಬೇಕಾದರೆ ಲೆಕ್ಕದಲ್ಲೇ ತಿರಸ್ಕರಿಸಬೇಕು.

ಅಷ್ಟರಲ್ಲಿ ರಾಜ್ಯಮಟ್ಟದಲ್ಲಿ ರಾಜಕೀಯ ಬಿಸಿಯೇರಿತ್ತು. ನೋಟಿಸ್ ಕೊಟ್ಟದ್ದು ಯಾರೆಂದು ರಾಜ್ಯ ಮತ್ತು ಕೇಂದ್ರದ ನಾಯಕರು ಪರಸ್ಪರ ಬೆರಳು ತೋರಿಸಿದರು. ಎರಡೂ ಕಡೆಯ ಹೇಳಿಕೆಗಳನ್ನು ಅಕ್ಕಪಕ್ಕ ಹಾಕುವುದು ಸುಲಭದ ಕೆಲಸ, ಬಹಳ ಕಡೆ ಅದೇ ಆಯಿತು. ಕೈಯಲ್ಲಿರುವ ನೋಟಿಸಿನ ಮೊದಲ ಸಾಲು ಓದಿದರೆ ಉತ್ತರ ಅಲ್ಲೇ ಇತ್ತು: ಹೊರಡಿಸಿದ್ದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ. ಪರಿಶೀಲಿಸಬಹುದಾದ ಸಂಗತಿಯನ್ನು ಇಬ್ಬರ ಹೇಳಿಕೆಯಾಗಿ ಕೊಡುವುದು ಸಮತೋಲನ ಅಲ್ಲ. ಈ ಪತ್ರಿಕೆ ಆ ಸಾಲಿನ ಚಿತ್ರವನ್ನು ಹೆಸರು, ಸಂಖ್ಯೆ, ಕ್ಯುಆರ್ ಕೋಡ್ ಎಲ್ಲ ಮರೆಮಾಡಿ ಹಾಕಿತು.

ವ್ಯಾಪಾರಿಗಳು ಜುಲೈ 25ರ ಬಂದ್‌ಗೆ ಕರೆ ಕೊಟ್ಟಿದ್ದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿ ಪ್ರತಿನಿಧಿಗಳ ಜೊತೆ ಸಭೆ ನಡೆಸಿ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಹಾಲು, ತರಕಾರಿ, ಹಣ್ಣಿನಂಥ ವಿನಾಯಿತಿ ಸರಕಿಗೆ ತೆರಿಗೆ ಇಲ್ಲ ಎಂದು ಭರವಸೆ ಕೊಟ್ಟರು. ಮರುದಿನದ ಪತ್ರಿಕೆಗಳಲ್ಲಿ ‘ವ್ಯಾಪಾರಿಗಳಿಗೆ ಗೆಲುವು’. ಹೆಚ್ಚಿನ ಡೆಸ್ಕುಗಳಲ್ಲಿ ಕಡತ ಅಲ್ಲಿಗೆ ಮುಚ್ಚಿತು.

ಎರಡನೇ ತಿರುವು ಇದು, ಮೊದಲಿನದಕ್ಕಿಂತ ಮುಖ್ಯವಾದದ್ದು. ಭರವಸೆ ಸಿಕ್ಕ ದಿನ ಬಿಟ್ಟುಬಿಡುವುದೋ, ಅಥವಾ ಆ ಭರವಸೆ ಒಂದು ಅಂಗಡಿಯ ಕಡತಕ್ಕೆ ತಲುಪುವ ತನಕ ಹಿಂದೆ ಹೋಗುವುದೋ? ಸಭೆಯ ಮಾತು ನೋಟಿಸನ್ನು ರದ್ದು ಮಾಡುವುದಿಲ್ಲ. ಜಿಎಸ್‌ಟಿಯಲ್ಲಿ ಅರ್ಧ ರಾಜ್ಯದ ತೆರಿಗೆ, ಅರ್ಧ ಕೇಂದ್ರದ್ದು. ವಿನಾಯಿತಿ ಕೊಡುವುದು ಜಿಎಸ್‌ಟಿ ಮಂಡಳಿಯ ಶಿಫಾರಸಿನ ಮೇಲೆ. ಹಾಗಿರುವಾಗ ‘ವಸೂಲಿ ಮಾಡುವುದಿಲ್ಲ’ ಎಂಬುದು ಯಾವ ಕಲಮಿನಡಿಯ ಯಾವ ಆದೇಶವಾಗಿ ಇಳಿಯುತ್ತದೆ ಎಂಬ ಪ್ರಶ್ನೆ ಸಂಭ್ರಮದ ದಿನವೇ ಕೇಳಬೇಕಾದದ್ದು. ಈ ಪತ್ರಿಕೆಯ ವರದಿಗಾರ್ತಿ ಅದನ್ನು ಕೇಳಿದರು, ಮತ್ತು ಪ್ರತಿ ವಾರ ಸ್ಥಳೀಯ ಕಚೇರಿಗೆ ಹೋಗಿ ಒಂದೇ ವಿಷಯ ವಿಚಾರಿಸಿದರು: ಉತ್ತರ ಕೊಟ್ಟವರ ಪೈಕಿ ಎಷ್ಟು ಮಂದಿಗೆ ನೋಟಿಸ್ ಮುಕ್ತಾಯದ ಪತ್ರ ಹೋಗಿದೆ?

ನಮ್ಮ ಅಂಗಡಿಯ ಮಟ್ಟಿಗೆ ಪತ್ರ ಬಂತು. ವ್ಯಾಪಾರವಲ್ಲದ ಹಣ ಮತ್ತು ವಿನಾಯಿತಿ ಸರಕಿನ ಭಾಗವನ್ನು ಒಪ್ಪಿ, ನೋಂದಣಿಯನ್ನು ಗಮನಿಸಿ ಮುಂದಿನ ಕ್ರಮ ಕೈಬಿಡಲಾಗಿದೆ ಎಂದು ಬರೆದಿತ್ತು. ಅವರೀಗ ಕಾಂಪೋಸಿಷನ್‌ನಲ್ಲಿದ್ದಾರೆ. ಮೂರು ತಿಂಗಳಿಗೊಮ್ಮೆ ತೆರಿಗೆ, ವರ್ಷಕ್ಕೊಂದು ರಿಟರ್ನ್. ಚೀಟಿಗೆ ಬೇರೆ ಖಾತೆ ಮಾಡಿಕೊಂಡರು, ಮಗನ ಹಣ ಹೆಂಡತಿಯ ಖಾತೆಗೆ ಬರುತ್ತದೆ. ಕ್ಯುಆರ್ ಕೋಡ್ ಮತ್ತೆ ಅಂಟಿಸಿದ್ದಾರೆ. ಅದೇ ಬೀದಿಯಲ್ಲಿ ಉತ್ತರವನ್ನೇ ಕೊಡದಿದ್ದ ಇನ್ನೊಬ್ಬರಿಗೆ ಅಂಥ ಪತ್ರ ಬಂದಿರಲಿಲ್ಲ. ಅವರ ನೋಟಿಸ್ ಇಲಾಖೆಯ ವ್ಯವಸ್ಥೆಯಲ್ಲಿ ಬಾಕಿ ಎಂದೇ ತೋರಿಸುತ್ತಿತ್ತು. ಇದನ್ನು ಪತ್ರಿಕೆ ಮೂರನೇ ವರದಿಯಾಗಿ ಬರೆಯಿತು. ಮೂರರಲ್ಲಿ ಅತಿ ಚಿಕ್ಕದು, ಒಳಪುಟದ್ದು. ಓದುಗರಿಗೆ ಅತಿ ಉಪಯುಕ್ತವಾದದ್ದೂ ಅದೇ.

ಈ ಪ್ರಕರಣದಿಂದ ಡೆಸ್ಕಿನಲ್ಲಿ ಉಳಿದದ್ದು

ಸರ್ಕಾರಿ ನೋಟಿಸ್ ಕೈಗೆ ಬಂದಾಗ ಆ ಪತ್ರಿಕೆಯಲ್ಲಿ ಈಗ ತಲೆಬರಹಕ್ಕಿಂತ ಮೊದಲು ಒಂದು ಹಾಳೆ ತುಂಬಬೇಕು. ಪತ್ರ ಯಾವ ಹಂತದ್ದು, ಯಾವ ಕಲಮು, ಉತ್ತರಕ್ಕೆ ಕೊನೆಯ ದಿನ ಯಾವುದು, ನಿಯಮ ಸರಿಯಾಗಿ ಅನ್ವಯಿಸಿದ್ದರೆ ಬರುವ ಅಂಕಿ ಎಷ್ಟು, ಆ ಅಂಕಿ ಲೆಕ್ಕ ಹಾಕಿದವರು ಯಾರು. ಕೊನೆಯ ದಿನವನ್ನು ಸುದ್ದಿಯ ಮೊದಲ ಮೂರು ಪ್ಯಾರಾಗಳೊಳಗೆ ಹಾಕಲೇಬೇಕು. ಸಂತ್ರಸ್ತರ ವಿರುದ್ಧ ಹೋಗುವ ಸಂಗತಿ ಏನಿದೆ ಎಂಬ ಸಾಲು ಖಾಲಿ ಇದ್ದರೆ ಸುದ್ದಿ ಮುಂದೆ ಹೋಗುವುದಿಲ್ಲ. ಏಕೆಂದರೆ ಆ ಸಾಲನ್ನು ನಾವು ತುಂಬದಿದ್ದರೆ ಇಲಾಖೆ ಮರುದಿನ ತುಂಬುತ್ತದೆ.

ಟೀಕೆಯ ಗುರಿಯನ್ನು ಆರಿಸುವುದರಲ್ಲೂ ಬದಲಾವಣೆ ಬಂದಿದೆ. ನೋಟಿಸಿಗೆ ಸಹಿ ಹಾಕಿದ ಸ್ಥಳೀಯ ಅಧಿಕಾರಿಗೆ ದರ ಬದಲಿಸುವ ಅಧಿಕಾರ ಇತ್ತೇ, ಮೇಲಿನಿಂದ ಬಂದ ಪಟ್ಟಿಗೆ ಅವರು ಮೊಹರು ಹಾಕಿದ್ದೇ ಎಂಬುದನ್ನು ನೋಡದೆ ಹೆಸರು ಹಿಡಿದು ಬರೆದರೆ ಒಬ್ಬ ನೌಕರನ ವರ್ಗಾವಣೆಯಾಗಬಹುದು, ಪದ್ಧತಿ ಇದ್ದಲ್ಲೇ ಇರುತ್ತದೆ. ಮೊದಲ ವರದಿಯ ‘ಕಿರುಕುಳ’ ಎಂಬ ಪದ ಇದನ್ನೇ ಮಾಡಿತ್ತು. ಆ ಪದಕ್ಕೆ ರಾಜಕಾರಣಿಗಳು ಮನ್ನಾದ ಭರವಸೆಯಿಂದ ಉತ್ತರ ಕೊಟ್ಟರು. ‘ನಿಯಮ 35 ಏಕಿಲ್ಲ?’ ಎಂಬ ಪ್ರಶ್ನೆಗೆ ಭರವಸೆ ಉತ್ತರವಾಗಲಾರದು.

ಆ ಪ್ರಶ್ನೆಯನ್ನು ಪತ್ರಿಕೆ ಮಾಹಿತಿ ಹಕ್ಕಿಗೆ ಒಯ್ದಿತು. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಶುಲ್ಕ 10 ರೂಪಾಯಿ. ಮೊದಲು ಸಿದ್ಧಪಡಿಸಿದ ಅರ್ಜಿಯಲ್ಲಿ ದರದ ಸುತ್ತೋಲೆ, ನೋಟಿಸ್‌ಗಳ ಸಂಖ್ಯೆ, ಮುಕ್ತಾಯದ ಪತ್ರಗಳ ಸಂಖ್ಯೆ ಎಲ್ಲವೂ ಒಟ್ಟಿಗೆ ಇದ್ದವು. ಹಾಗೆ ಕೊಟ್ಟಿದ್ದರೆ ‘ಒಂದಕ್ಕಿಂತ ಹೆಚ್ಚು ವಿಷಯ’ ಎಂದು ವಾಪಸ್ ಬರುತ್ತಿತ್ತು. ಅದನ್ನು ಎರಡು ಅರ್ಜಿ ಮಾಡಿದರು. ಒಂದರಲ್ಲಿ ಯುಪಿಐ ಆಧಾರಿತ ನೋಟಿಸಿಗೆ ತೆರಿಗೆ ದರ ನಿಗದಿಪಡಿಸಿದ ಸುತ್ತೋಲೆ ಅಥವಾ ಟಿಪ್ಪಣಿಯ ಪ್ರತಿ. ಇನ್ನೊಂದರಲ್ಲಿ ಆ ಕಚೇರಿ ಹೊರಡಿಸಿದ ನೋಟಿಸ್, ಪಡೆದ ಉತ್ತರ, ಕೊಟ್ಟ ಮುಕ್ತಾಯ ಪತ್ರಗಳ ತಿಂಗಳವಾರು ಸಂಖ್ಯೆ. ಯಾವ ತೆರಿಗೆದಾರನ ವಿವರವನ್ನೂ ಕೇಳದೆ ಸಂಖ್ಯೆ ಮಾತ್ರ ಕೇಳಿದ್ದರಿಂದ ವೈಯಕ್ತಿಕ ಮಾಹಿತಿ ಎಂದು ತಳ್ಳಿಹಾಕಲು ಎಡೆ ಇರಲಿಲ್ಲ.

ಎರಡನೇ ಅರ್ಜಿಗೆ ಉತ್ತರ 30 ದಿನದೊಳಗೆ ಬಂತು. ಮೊದಲನೆಯದಕ್ಕೆ ಬಾರದ ಕಾರಣ 19(1)ನೇ ಕಲಮಿನಡಿ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ ಹೋಗಿದೆ. ಅದರಲ್ಲಿ ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ಕಲಮನ್ನು ಎತ್ತಿ ಹೇಳಲಾಗಿದೆ: ಆಡಳಿತಾತ್ಮಕ ನಿರ್ಧಾರದಿಂದ ಬಾಧಿತರಾದವರಿಗೆ ಅದರ ಕಾರಣಗಳನ್ನು ಕಚೇರಿ ತಾನಾಗಿಯೇ ತಿಳಿಸಬೇಕು, ಕೇಳುವವರೆಗೆ ಕಾಯುವಂತಿಲ್ಲ.